ಓದುಗರ ಪ್ರಶ್ನೆಗಳು: ಬುಟ್ಟಿಗೆ ಬೆನ್ನು ಹಾಕಿ ನಿಂತವರು

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದವರು. ಬಿಲ್ ರಸೆಲ್ ಅವರ ಸರಾಸರಿ ಪಂದ್ಯಕ್ಕೆ 15 ಅಂಕ ಮಾತ್ರ. ಆದರೂ ರಸೆಲ್ 11 ಬಾರಿ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಚಾಂಪಿಯನ್ ಆದರು, ಚೇಂಬರ್ಲೇನ್ ಎರಡೇ ಬಾರಿ. ಇಬ್ಬರ ಆಟದ ರೀತಿಯಲ್ಲಿ ಅಂಥ ವ್ಯತ್ಯಾಸ ಏನಿತ್ತು?
– ಓದುಗರೊಬ್ಬರು, ಮೈಸೂರು

ಉತ್ತರ: ಇಬ್ಬರೂ ಆಡಿದ್ದು ಸೆಂಟರ್ ಸ್ಥಾನದಲ್ಲಿ, ಅಂದರೆ ಬುಟ್ಟಿಗೆ ಅತಿ ಸಮೀಪದಲ್ಲಿ. ಚೇಂಬರ್ಲೇನ್ ಚೆಂಡು ತಮ್ಮ ಕೈಗೆ ಬಂದ ಮೇಲೆ ಆಟವನ್ನು ಕಟ್ಟಿದರು, ರಸೆಲ್ ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಕಟ್ಟಿದರು.

ರಸೆಲ್ ಎಡಗೈಯವರು. ಬಲಗೈಯಿಂದ ಹೊಡೆಯುವ ಆಟಗಾರ ಎದುರಿಗೆ ನಿಂತಾಗ ಅವನ ಚೆಂಡು ತಡೆಯುವವನ ಎಡಬದಿಯಲ್ಲೇ ಮೇಲೇಳುತ್ತದೆ. ಹೀಗಾಗಿ ಬಹುಪಾಲು ಆಟಗಾರರ ಎದುರು ರಸೆಲ್‌ರ ಒಳ್ಳೆಯ ಕೈ ತಾನಾಗಿಯೇ ಸರಿಯಾದ ಜಾಗದಲ್ಲಿರುತ್ತಿತ್ತು. ಆದರೆ ಅದಕ್ಕಿಂತ ಮುಖ್ಯವಾದದ್ದು ತಡೆದ ಚೆಂಡನ್ನು ಅವರು ಏನು ಮಾಡುತ್ತಿದ್ದರು ಎಂಬುದು. ಇಂದಿಗೂ ಎಷ್ಟೋ ಆಟಗಾರರು ಬ್ಲಾಕ್ ಮಾಡಿದ ಚೆಂಡನ್ನು ಪ್ರೇಕ್ಷಕರ ಸಾಲಿಗೆ ಬಾರಿಸಿ ಎದೆಯುಬ್ಬಿಸುತ್ತಾರೆ. ಚಪ್ಪಾಳೆ ಬೀಳುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಹೋಗುತ್ತದೆ. ರಸೆಲ್ ಬೆರಳ ತುದಿಯಿಂದ ಅದನ್ನು ಅಂಕಣದೊಳಗೇ ತಟ್ಟಿ ತಮ್ಮವರ ಕೈಗೆ ಸೇರಿಸುತ್ತಿದ್ದರು. ಅದು ರಸೆಲ್‌ರ ತಂಡವಾದ ಬಾಸ್ಟನ್‌ನ ಬಾಬ್ ಕೌಸಿ ಅವರನ್ನು ತಲುಪುವಷ್ಟರಲ್ಲಿ ತಂಡದ ಉಳಿದವರು ಆಚೆಯ ಬುಟ್ಟಿಯತ್ತ ಓಡಿರುತ್ತಿದ್ದರು. ಪ್ರತಿ ಹೊಡೆತವನ್ನೂ ತಡೆಯಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಒಂದೆರಡನ್ನು ತಡೆದರೆ ಸಾಕು, ಮುಂದಿನ ಹತ್ತು ಹೊಡೆತಗಳನ್ನು ಎದುರಾಳಿ ಅಳುಕುತ್ತಲೇ ಹೊಡೆಯುತ್ತಿದ್ದ. ಎನ್‌ಬಿಎ ಬ್ಲಾಕ್‌ಗಳನ್ನು ಲೆಕ್ಕವಿಡಲು ಆರಂಭಿಸಿದ್ದು 1973–74ರಲ್ಲಿ. ಅಷ್ಟರಲ್ಲಿ ರಸೆಲ್ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಹೀಗಾಗಿ ಅವರ ಅತಿ ದೊಡ್ಡ ವಿದ್ಯೆಗೆ ದಾಖಲೆಯ ಪುಸ್ತಕದಲ್ಲಿ ಒಂದು ಅಂಕಿಯೂ ಇಲ್ಲ. ಪಂದ್ಯಕ್ಕೆ 22.5ರಂತೆ ಪಡೆದ ರೀಬೌಂಡ್‌ಗಳಷ್ಟೇ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು) ಅಲ್ಲಿ ಸಾಕ್ಷಿಯಾಗಿ ಉಳಿದಿವೆ.

ಚೇಂಬರ್ಲೇನ್ 7 ಅಡಿ 1 ಇಂಚು ಎತ್ತರದ ಆಳು. ಅವರನ್ನು ಬರೀ ತೋಳ್ಬಲದ ಆಟಗಾರ ಎನ್ನುವವರು ಅವರ ಆಟವನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅನಿಸಿಕೆ. ಅವರಿಗೆ ಇಷ್ಟವಾಗಿದ್ದ ಹೊಡೆತಗಳೆಂದರೆ ಬುಟ್ಟಿಯಿಂದ ದೂರ ವಾಲುತ್ತ ಹಲಗೆಗೆ ತಾಗಿಸಿ ಹಾಕುವುದು ಮತ್ತು ಅಂಗೈ ಮೇಲೆ ಮಾಡಿ ಚೆಂಡನ್ನು ಬೆರಳುಗಳಿಂದ ಉರುಳಿಸಿ ಬಿಡುವುದು. ಎರಡೂ ನಾಜೂಕಿನ ಕೆಲಸ. ಆ ವಾಲುವ ಹೊಡೆತ ಎದುರಾಳಿಗಳಿಗೂ ಹಿತವೇ ಆಗಿತ್ತು, ಏಕೆಂದರೆ ಗುರಿ ತಪ್ಪಿದಾಗ ರೀಬೌಂಡ್‌ಗೆ ಚೇಂಬರ್ಲೇನ್ ಹತ್ತಿರ ಇರುತ್ತಿರಲಿಲ್ಲ. 1961–62ರಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ. ಪಂದ್ಯದ ಅವಧಿ 48 ನಿಮಿಷವಾದರೂ ಅವರು ಸರಾಸರಿ 48.5 ನಿಮಿಷ ಆಡಿದರು, ಅಂದರೆ ಹೆಚ್ಚುವರಿ ಅವಧಿಗಳಲ್ಲೂ ಹೊರಗೆ ಕೂರಲಿಲ್ಲ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ನ್ಯೂಯಾರ್ಕ್ ವಿರುದ್ಧ 100 ಅಂಕ ಗಳಿಸಿದಾಗ 32 ಫ್ರೀ ಥ್ರೋಗಳಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ತಡೆಯದ ಎಸೆತಗಳು) 28 ಬುಟ್ಟಿ ಸೇರಿದವು. ಆ ವರ್ಷ ಅವರು ಫ್ರೀ ಥ್ರೋಗಳನ್ನು ಎರಡೂ ಕೈಗಳಿಂದ ಕೆಳಗಿನಿಂದ ಎತ್ತಿ ಎಸೆಯುತ್ತಿದ್ದರು, ಅದು ಚೆನ್ನಾಗಿಯೇ ಫಲಿಸುತ್ತಿತ್ತು. ನಾಲ್ಕು ಜನ ನೋಡಿದರೆ ನಾಚಿಕೆ ಎಂಬ ಕಾರಣಕ್ಕೆ ಮುಂದೆ ಅದನ್ನು ಬಿಟ್ಟರು, ಹಾಗೆಂದು ತಾವೇ ಒಪ್ಪಿಕೊಂಡರು ಕೂಡ. ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಅವರ ಫ್ರೀ ಥ್ರೋ ಪ್ರಮಾಣ ಶೇ 51ರ ಆಸುಪಾಸಿನಲ್ಲಿ ನಿಂತುಹೋಯಿತು.

ಅವರ ಮೊದಲ ಪ್ರಶಸ್ತಿ ಬಂದದ್ದು ಶೈಲಿ ಬದಲಾದ ವರ್ಷದಲ್ಲಿ ಎಂಬುದನ್ನು ಗಮನಿಸಬೇಕು. 1966–67ರಲ್ಲಿ ಫಿಲಡೆಲ್ಫಿಯಾದ ಕೋಚ್ ಅಲೆಕ್ಸ್ ಹ್ಯಾನಮ್ ಅವರ ಮಾತಿಗೆ ಒಪ್ಪಿ ಚೇಂಬರ್ಲೇನ್ ಕಡಿಮೆ ಹೊಡೆದು ಹೆಚ್ಚು ಹಂಚಿದರು; ಸರಾಸರಿ 24ಕ್ಕೆ ಇಳಿಯಿತು, ತಂಡ 68 ಪಂದ್ಯ ಗೆದ್ದು 13ರಲ್ಲಷ್ಟೇ ಸೋತಿತು, ಪ್ಲೇಆಫ್‌ನಲ್ಲಿ ರಸೆಲ್‌ರ ಬಾಸ್ಟನ್ ಕೂಡ ಮಣಿಯಿತು. ಮರುವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಸಿಸ್ಟ್‌ಗಳೂ (ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್‌ಗಳು), ಒಟ್ಟು 702, ಅವರವೇ. ಬಾಸ್ಟನ್ ತಂಡದಲ್ಲಿ ರಸೆಲ್ ಜೊತೆ ಘಟಾನುಘಟಿಗಳಿದ್ದರು ಎಂಬುದೂ ನಿಜ, ಪ್ರಶಸ್ತಿಗಳನ್ನಷ್ಟೇ ಎಣಿಸಿ ಚೇಂಬರ್ಲೇನ್‌ರನ್ನು ಕೆಳಗಿಡುವುದು ನ್ಯಾಯವಲ್ಲ. ಆದರೂ ಒಂದು ತಂಡ ಕಟ್ಟಲು ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ನಾನು ರಸೆಲ್ ಹೆಸರನ್ನೇ ಹೇಳುತ್ತೇನೆ.

ಪ್ರಶ್ನೆ: ಕರೀಂ ಅಬ್ದುಲ್ ಜಬ್ಬಾರ್ ಅವರ ಸ್ಕೈಹುಕ್ ಅಷ್ಟು ಪರಿಣಾಮಕಾರಿ ಹೊಡೆತವಾಗಿದ್ದರೆ ಇಂದು ಯಾರೂ ಏಕೆ ಅದನ್ನು ಆಡುತ್ತಿಲ್ಲ? ನಮ್ಮ ಕಾಲೇಜು ತಂಡದಲ್ಲಿ 6 ಅಡಿ 3 ಇಂಚು ಎತ್ತರದ ಹುಡುಗನಿದ್ದಾನೆ, ಅವನಿಗೆ ಕಲಿಸಬಹುದೇ?
– ದೈಹಿಕ ಶಿಕ್ಷಣ ಶಿಕ್ಷಕರು, ಮಂಡ್ಯ

ಉತ್ತರ: ಧಾರಾಳವಾಗಿ ಕಲಿಸಬಹುದು. ಮೊದಲು ಅದರ ರಚನೆಯನ್ನು ನೋಡೋಣ. ಆಟಗಾರ ಬುಟ್ಟಿಗೆ ಬೆನ್ನು ಹಾಕಿ ಚೆಂಡು ಪಡೆಯುತ್ತಾನೆ. ಎಡಗಾಲನ್ನು ಒಂದು ಹೆಜ್ಜೆ ಇಟ್ಟು, ಎಡಭುಜ ಬುಟ್ಟಿಯ ಕಡೆಗೆ ಬರುವಂತೆ ಮೈಯನ್ನು ಅಡ್ಡವಾಗಿಸುತ್ತಾನೆ. ಬಲಮಂಡಿ ಮೇಲೇಳುತ್ತದೆ, ಅದರೊಡನೆ ಬಲಗೈ ಕಿವಿಯ ಪಕ್ಕದಿಂದ ನೆಟ್ಟಗೆ ಏರುತ್ತದೆ, ತೋಳು ಪೂರ್ತಿ ಚಾಚಿದ ಕ್ಷಣದಲ್ಲಿ ಮಣಿಕಟ್ಟು ಬಾಗಿ ಚೆಂಡು ಬೆರಳುಗಳಿಂದ ಜಾರುತ್ತದೆ. ತಡೆಯುವವನಿಗೂ ಚೆಂಡಿಗೂ ನಡುವೆ ಹೊಡೆಯುವವನ ಇಡೀ ಮೈಯೇ ಗೋಡೆಯಾಗಿ ನಿಂತಿರುತ್ತದೆ. ಹಳೆಯ ಹುಕ್ ಹೊಡೆತದಲ್ಲಿ ಕೈ ಬೀಸಣಿಗೆಯಂತೆ ಅಗಲವಾಗಿ ಸುತ್ತಿ ಬರುತ್ತಿತ್ತು. ಕರೀಂ ಆ ಬೀಸನ್ನು ಕಿರಿದಾಗಿಸಿ ಎತ್ತರವನ್ನು ಹೆಚ್ಚಿಸಿದರು. ಸ್ವತಃ 7 ಅಡಿ 2 ಇಂಚಿನವರಾದ್ದರಿಂದ ಆ ಚೆಂಡನ್ನು ಮುಟ್ಟುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. 1984ರ ಏಪ್ರಿಲ್ 5ರಂದು ಲಾಸ್ ವೇಗಸ್‌ನಲ್ಲಿ ಚೇಂಬರ್ಲೇನ್‌ರ 31,419 ಅಂಕಗಳ ದಾಖಲೆ ಮುರಿದದ್ದು ಇದೇ ಹೊಡೆತದಿಂದ, ಅದೂ 7 ಅಡಿ 4 ಇಂಚಿನ ಮಾರ್ಕ್ ಈಟನ್ ಎದುರಿಗಿದ್ದಾಗ. ಅವರು ನಿಲ್ಲಿಸಿದ್ದು 38,387ಕ್ಕೆ. ಆ ದಾಖಲೆ 2023ರವರೆಗೆ ಅಲುಗಲಿಲ್ಲ.

ಇದರ ಹಿಂದೆ ಒಂದು ವಿಚಿತ್ರ ಸಂಗತಿಯೂ ಇದೆ. ಕರೀಂ ಯುಸಿಎಲ್‌ಎ ವಿದ್ಯಾರ್ಥಿಯಾಗಿದ್ದಾಗ, 1967ರಲ್ಲಿ, ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ ಅನ್ನು ನಿಷೇಧಿಸಲಾಯಿತು. ಅವರನ್ನು ಕಟ್ಟಿಹಾಕಲೆಂದೇ ಆ ನಿಯಮ ಬಂತೆಂದು ಹೇಳುವವರು ಬಹಳ. ಬುಟ್ಟಿಗೆ ಚೆಂಡನ್ನು ತುರುಕುವ ದಾರಿ ಮುಚ್ಚಿದ್ದರಿಂದ ಅವರು ಹುಕ್ ಅನ್ನೇ ಮಸೆದರು. ಕಟ್ಟಿಹಾಕಲು ಹೊರಟವರೇ ಕತ್ತಿ ಹರಿತ ಮಾಡಿಕೊಟ್ಟಂತಾಯಿತು.

ಇನ್ನು, ಇಂದು ಯಾರೂ ಆಡದಿರುವುದಕ್ಕೆ ಕಾರಣ ಲೆಕ್ಕಾಚಾರ. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ 1979ರಲ್ಲಿ ಬಂತು. ದೂರದಿಂದ ಮೂರು ಅಂಕ ಸಿಗುವಾಗ ಹತ್ತಿರ ನಿಂತು, ಬೆನ್ನಿಂದ ನೂಕಿಸಿಕೊಂಡು, ಎರಡು ಅಂಕಕ್ಕಾಗಿ ವರ್ಷಗಟ್ಟಲೆ ಅಭ್ಯಾಸ ಮಾಡುವ ತಾಳ್ಮೆ ಕೋಚ್‌ಗಳಿಗೂ ಉಳಿದಿಲ್ಲ, ಹುಡುಗರಿಗೂ ಉಳಿದಿಲ್ಲ. ಕರೀಂ 20 ವರ್ಷಗಳ ಆಟದಲ್ಲಿ ಹಾಕಿದ ಮೂರು ಅಂಕದ ಬುಟ್ಟಿ ಒಂದೇ ಒಂದು.

ನಿಮ್ಮ ಹುಡುಗನಿಗೆ ಸ್ಕೈಹುಕ್‌ಗೆ ಮೊದಲು ಮೈಕನ್ ಡ್ರಿಲ್ ಮಾಡಿಸಿ. ಬುಟ್ಟಿಯ ಕೆಳಗೆ ನಿಂತು ಬಲಗಡೆಯಿಂದ ಬಲಗೈಯಲ್ಲಿ ಹಾಕಬೇಕು, ಬಲೆಯಿಂದ ಬಿದ್ದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಎಡಗಡೆಯಿಂದ ಎಡಗೈಯಲ್ಲಿ ಹಾಕಬೇಕು; ಚೆಂಡು ಗಲ್ಲಕ್ಕಿಂತ ಕೆಳಗಿಳಿಯಕೂಡದು. ಕರೀಂ ಬಾಲ್ಯದಲ್ಲಿ ಕಲಿತದ್ದೂ ಇದನ್ನೇ. ಹುಡುಗನ ಎಡಗೈ ಎಷ್ಟು ಸೋಮಾರಿ ಎಂಬುದು ಮೊದಲ ದಿನವೇ ನಿಮಗೆ ತಿಳಿಯುತ್ತದೆ.

ಪ್ರಶ್ನೆ: ಆ ಡ್ರಿಲ್‌ಗೆ ಹೆಸರು ಕೊಟ್ಟ ಜಾರ್ಜ್ ಮೈಕನ್ ನಿಜವಾಗಿಯೂ ಅಷ್ಟು ದೊಡ್ಡ ಆಟಗಾರರೇ? ಹಳೆಯ ಚಿತ್ರಗಳಲ್ಲಿ ದಪ್ಪ ಕನ್ನಡಕದ ಮೇಷ್ಟರಂತೆ ಕಾಣುತ್ತಾರೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕನ್ನಡಕಕ್ಕೆ ಮೋಸಹೋಗಬೇಡಿ. 6 ಅಡಿ 10 ಇಂಚಿನ ಮೈಕನ್ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಎಡವಟ್ಟು ನಡೆಯ ಹುಡುಗನಾಗಿದ್ದದ್ದು ನಿಜ. ಕೋಚ್ ರೇ ಮೇಯರ್ ಹಗ್ಗದಾಟ, ಬಾಕ್ಸಿಂಗ್, ನೃತ್ಯ ಎಲ್ಲವನ್ನೂ ಮಾಡಿಸಿ ಆ ಕಾಲುಗಳಿಗೆ ಲಯ ತಂದರು. ಮುಂದೆ ಮಿನಿಯಾಪೊಲಿಸ್ ಲೇಕರ್ಸ್ ಪರ ಎಡಗೈ, ಬಲಗೈ ಯಾವುದರಿಂದಲಾದರೂ ಹೊಡೆಯುತ್ತಿದ್ದ ಹುಕ್‌ನಿಂದ ಅವರನ್ನು ತಡೆಯುವವರೇ ಇಲ್ಲದಂತಾದಾಗ, 1951ರಲ್ಲಿ ಬುಟ್ಟಿಯ ಮುಂದಿನ ಪಟ್ಟಿಯ (ಅಲ್ಲಿ ದಾಳಿಯ ಆಟಗಾರ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ) ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಲಾಯಿತು. (ಚೇಂಬರ್ಲೇನ್ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು.) 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮೈಕನ್‌ಗೆ ಚೆಂಡೇ ಸಿಗದಿರಲೆಂದು ಅದನ್ನು ತನ್ನಲ್ಲೇ ಇಟ್ಟುಕೊಂಡು ಕಾಲ ತಳ್ಳಿ 19–18ರಿಂದ ಗೆದ್ದಿತು. ಲೇಕರ್ಸ್‌ನ ಆ 18ರಲ್ಲಿ 15 ಅಂಕ ಮೈಕನ್‌ರದೇ. ಇಂಥ ನೀರಸ ಆಟಗಳಿಂದ ಬೇಸತ್ತೇ 1954ರಲ್ಲಿ, ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಹೊಡೆಯಲೇಬೇಕೆಂಬ ನಿಯಮ ತರಲಾಯಿತು.

ಪ್ರಶ್ನೆ: ಎತ್ತರ ಸಾಲದವರು ಸೆಂಟರ್ ಆಗಿ ಹೆಸರು ಮಾಡಿದ್ದುಂಟೇ?
– ಓದುಗರೊಬ್ಬರು, ದುಬೈ

ಉತ್ತರ: ಉಂಟು. ವೆಸ್ ಅನ್ಸೆಲ್ಡ್ 6 ಅಡಿ 7 ಇಂಚಿನವರು, ಎನ್‌ಬಿಎ ಸೆಂಟರ್‌ಗಳ ನಡುವೆ ಗಿಡ್ಡರೇ. 1968–69ರಲ್ಲಿ, ಆಡಿದ ಮೊದಲ ವರ್ಷವೇ, ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಅದಕ್ಕೆ ಮೊದಲು ಚೇಂಬರ್ಲೇನ್ ಬಿಟ್ಟರೆ ಹೊಸಬರಾರೂ ಅದನ್ನು ಗೆದ್ದಿರಲಿಲ್ಲ. ಅವರ ಬಂಡವಾಳವೆಂದರೆ ಅಗಲವಾದ ಮೈ ಮತ್ತು ಕಂಬದಂಥ ಕಾಲುಗಳು. ಅವರು ಸ್ಕ್ರೀನ್ ಹಾಕಿ, ಅಂದರೆ ಜೊತೆಗಾರನಿಗಾಗಿ ಎದುರಾಳಿಯ ದಾರಿಗೆ ಅಡ್ಡವಾಗಿ, ನಿಂತರೆ ಎದುರಾಳಿ ಸುತ್ತುಹಾಕಿಕೊಂಡೇ ಹೋಗಬೇಕಿತ್ತು. ರೀಬೌಂಡ್ ಹಿಡಿದವರು ಸಾಮಾನ್ಯವಾಗಿ ನೆಲಕ್ಕಿಳಿದು, ತಿರುಗಿ, ಆಮೇಲೆ ಪಾಸ್ ಮಾಡುತ್ತಾರೆ. ಅನ್ಸೆಲ್ಡ್ ಗಾಳಿಯಲ್ಲಿರುವಾಗಲೇ ಮೈ ತಿರುಗಿಸಿ ಎರಡೂ ಕೈಗಳಿಂದ ತಲೆಯ ಮೇಲಿನಿಂದ ಚೆಂಡನ್ನು ಅಂಕಣದ ಮಧ್ಯಕ್ಕೆ ರಾಚುತ್ತಿದ್ದರು, ಅವರ ಕಾಲು ನೆಲ ಮುಟ್ಟುವಷ್ಟರಲ್ಲಿ ಜೊತೆಗಾರ ಓಟ ಕಿತ್ತಿರುತ್ತಿದ್ದ.