ಥಾರ್ 700ರ ಸೀಟು ಬಿಚ್ಚಿಸುವ ಮೊದಲು

ಪ್ರಶ್ನೆ: ನನ್ನ ಹತ್ರ 2019ರ ಮಹೀಂದ್ರ ಥಾರ್ 700 ಇದೆ. ಊರು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ಮುಂದಿನ ಸೀಟುಗಳಿಗೆ ಬೂಷ್ಟು ಹಿಡಿದಿದೆ. ಡ್ರೈವರ್ ಸೀಟಿನ ಅಂಚಲ್ಲಿ ಹೊಲಿಗೆ ಬಿಟ್ಟಿದೆ. ಕುಶನ್ ಅಂಗಡಿಯವರು ಎಲ್ಲ ಸೀಟಿಗೂ ಕಂದು ಬಣ್ಣದ ಹೊಸ ಹೊದಿಕೆ ಹೊಲಿದುಕೊಡುತ್ತೇವೆ ಅಂತಾರೆ. ಎರಡು ವರ್ಷ ಬಿಟ್ಟು ಗಾಡಿ ಮಾರುವ ಯೋಚನೆ ಇದೆ. ಹೊಸ ಹೊದಿಕೆ ಇದ್ದರೆ ಬೆಲೆ ಜಾಸ್ತಿ ಬರುತ್ತದೆಯಾ?

ಉತ್ತರ: ಇಲ್ಲ, ದಯವಿಟ್ಟು ಬಿಚ್ಚಿಸಬೇಡಿ. ಮಾಮೂಲಿ ಥಾರ್ ಆಗಿದ್ದರೆ ನಾನೇ ಹೊಲಿಸಿಕೊಳ್ಳಿ ಅನ್ನುತ್ತಿದ್ದೆ. ನಿಮ್ಮದು ಹಳೇ ಮಾದರಿಯನ್ನು ಬೀಳ್ಕೊಡುವಾಗ ಕಂಪನಿ ಬಿಟ್ಟ 700 ಗಾಡಿಗಳಲ್ಲಿ ಒಂದು. ಎಂಜಿನ್ನು, ಗೇರ್‌ಬಾಕ್ಸು ಎಲ್ಲ ಮಾಮೂಲಿ ಥಾರ್‌ದೇ. ಬೇರೆಯಾಗಿ ಕಾಣುವುದು ಆನಂದ್ ಮಹೀಂದ್ರ ಅವರ ಸಹಿ ಇರುವ ಬ್ಯಾಡ್ಜು, ಅಲಾಯ್ ಚಕ್ರ, ಸ್ಟಿಕ್ಕರು, ಮತ್ತೆ ಥಾರ್ ಲೋಗೊ ಇರುವ ಆ ಮುಂದಿನ ಸೀಟುಗಳು. ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಅಲಾಯ್ ಎಲ್ಲಾದರೂ ಸಿಗುತ್ತದೆ. ಅದಕ್ಕೇ ತಿಳಿದವರು ಬಾಗಿಲು ತೆಗೆದು ಮೊದಲು ಸೀಟು ನೋಡುತ್ತಾರೆ.

ಕುಶನ್ ಅಂಗಡಿಯಲ್ಲಿ ಏನು ಮಾಡುತ್ತಾರೆ ಗೊತ್ತಾ? ಹಳೇ ಹೊದಿಕೆಯನ್ನು ಹೊಲಿಗೆ ಹಿಡಿದು ಬ್ಲೇಡಿನಲ್ಲಿ ಬಿಡಿಸುತ್ತಾರೆ. ಆ ತುಂಡುಗಳನ್ನೇ ಹೊಸ ರೆಕ್ಸಿನ್ ಮೇಲಿಟ್ಟು ಚಾಕ್‌ಪೀಸಲ್ಲಿ ಗೆರೆ ಎಳೆದು ಕತ್ತರಿಸುತ್ತಾರೆ. ಕೆಲಸ ಮುಗಿದ ಮೇಲೆ ಹಳೇದು ಚಿಂದಿ. ಒಂದು ಸಲ ಅಂಗಡಿಯ ಮೂಲೆಯಲ್ಲಿ ಹೀಗೆ ಲೋಗೊ ಇರುವ ತುಂಡು ಬಿದ್ದಿದ್ದು ನೋಡಿ ಹೊಟ್ಟೆ ಉರಿದುಹೋಯಿತು. ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಅದು ವಾಪಸ್ ಬರಲ್ಲ ಅಲ್ವಾ?

ಹೊಲಿಗೆ ಬಿಟ್ಟಿರುವುದು ಸಣ್ಣ ಕೆಲಸ. ಹಳೇ ತೂತುಗಳಲ್ಲೇ, ಅದೇ ಬಣ್ಣದ ದಪ್ಪ ದಾರದಲ್ಲಿ, ಬಾಗಿದ ಸೂಜಿಯಿಂದ ಕೈಹೊಲಿಗೆ ಹಾಕಿಸಿ. ಹೊಸ ತೂತು ಬೀಳಬಾರದು, ಇದನ್ನು ಪಕ್ಕದಲ್ಲೇ ನಿಂತು ಹೇಳಿ.

ಬೂಷ್ಟಿಗೆ ಥಿನ್ನರು, ಪೆಟ್ರೋಲು ಮುಟ್ಟಿಸಬೇಡಿ, ಬಣ್ಣ ಎದ್ದು ಬರುತ್ತದೆ. ಸೌಮ್ಯ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ನೆರಳಲ್ಲೇ ಒಣಗಲಿ. ತೆಂಗಿನೆಣ್ಣೆಯೂ ಬೇಡ, ಮಿಂಚುವ ಪಾಲಿಶೂ ಬೇಡ, ಎರಡೂ ದೂಳು ಹಿಡಿಯುತ್ತವೆ. ಒರೆಸಿದಷ್ಟೂ ಮತ್ತೆ ಮತ್ತೆ ಬಂದರೆ ಒಳಗಿನ ಸ್ಪಂಜು ಒದ್ದೆ ಇರಬೇಕು. ಬಾಗಿಲ ರಬ್ಬರು, ಟಾಪ್ ಕೂರುವ ಜಾಗ ಎರಡನ್ನೂ ನೋಡಿಸಿ. ನೀರು ಎಲ್ಲಿಂದಲೋ ಇಳಿಯುತ್ತಿರುತ್ತದೆ.

ಕಂದು ಸೀಟೇ ಬೇಕು ಅಂತ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಹಳೇ ಮಾದರಿಯ ಮಾಮೂಲಿ ಥಾರ್‌ನ ಒಂದು ಜೊತೆ ಸೀಟನ್ನು ಗುಜರಿಯಲ್ಲಿ ಹುಡುಕಿ. ಬೋಲ್ಟು, ಸೀಟು ಹಿಂದೆ ಮುಂದೆ ಜಾರುವ ರೈಲು ಸರಿಯಾಗಿ ಕೂರುತ್ತವಾ ನೋಡಿಸಿ, ಅದಕ್ಕೆ ಬೇಕಾದ ಹೊದಿಕೆ ಹೊಲಿಸಿ, ಎರಡು ವರ್ಷ ಅದರ ಮೇಲೆ ಆರಾಮಾಗಿ ಓಡಾಡಿ. ಮಾರುವ ದಿನ ಒರಿಜಿನಲ್ ಸೀಟು ವಾಪಸ್ ಕೂರಿಸಿ. ಅಲ್ಲಿಯವರೆಗೆ ಅವನ್ನು ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ನಿಂತು ಬೂಷ್ಟು ಡಬಲ್ ಆಗುತ್ತದೆ. ಹಳೇ ಕಾಟನ್ ಬೆಡ್‌ಶೀಟು ಸಾಕು. ಮೇಲೆ ಕಾಫಿ ಚೀಲ ಮಾತ್ರ ಪೇರಿಸಬೇಡಿ.