‘ಬರೀ ಎಂಬಿಬಿಎಸ್’ ಅಂತ ಅನ್ನಬೇಡಿ

ಮುಂಡರಗಿಯ ತಂಗಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಇಂಟರ್ನ್‌ಶಿಪ್ ಮುಗಿದು ಎರಡು ವರ್ಷ ಆಯಿತು, ನೀಟ್ ಪಿಜಿ (ಎಂಡಿಯಂಥ ಮುಂದಿನ ಓದಿನ ಪ್ರವೇಶ ಪರೀಕ್ಷೆ) ಎರಡು ಸಲ ಬರೆದರೂ ಜನರಲ್ ಮೆಡಿಸಿನ್ ಸೀಟು ಸಿಗಲಿಲ್ಲ, ಈಗ ಧಾರವಾಡದಲ್ಲಿ ರೂಮು ಮಾಡಿಕೊಂಡು ಮೂರನೇ ಸಲ ಓದುತ್ತಿದ್ದೇನೆ, ‘ನಾನು ಬರೀ ಎಂಬಿಬಿಎಸ್, ನನಗೆ ಬೇರೆ ದಾರಿ ಇದೆಯಾ?’ ಅಂತ ಕೇಳಿದ್ದೀರಿ.

ಮೊದಲು ಆ ‘ಬರೀ’ ಬಿಡಿ. ನಮ್ಮ ಅವ್ವನ ಶುಗರ್ ಹಿಡಿದದ್ದು ನಮ್ಮ ಓಣಿಯ ಎಂಬಿಬಿಎಸ್ ಡಾಕ್ಟರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಕಾಲಿನ ಗಾಯಕ್ಕೆ ಮುಲಾಮು ಬರೆದು ಕಳಿಸಿದ್ದರು. ಇವರು ಗಾಯ ನೋಡಿ, ‘ರಾತ್ರಿ ಎಷ್ಟು ಸಲ ಏಳ್ತೀರವ್ವ?’ ಅಂತ ಕೇಳಿ ಅಲ್ಲೇ ಬೆರಳು ಚುಚ್ಚಿ ನೋಡಿದರು. ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಓದು ನಿಲ್ಲಿಸಿ ಅನ್ನುತ್ತಿಲ್ಲ. ಆದರೆ ಮೂರನೇ ವರ್ಷವೂ ಸುಮ್ನೆ ರೂಮಿನಲ್ಲಿ ಕೂರಬೇಡಿ, ಕೆಲಸಕ್ಕೆ ಸೇರಿ ಓದಿ. ಬಯಲುಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಸರ್ಕಾರದ ಲೆಕ್ಕ. ಅಲ್ಲಿ ಬಸುರಿಯರ ತಪಾಸಣೆ, ಟಿಬಿ ಗುಳಿಗೆ, ಮಳೆಗಾಲದ ಡೆಂಗಿ ಎಲ್ಲವೂ ನಿಮ್ಮ ಮೇಜಿಗೇ ಬರುತ್ತವೆ. ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರ ರಕ್ತವನ್ನು ಒಣ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ವಿಷ ರಕ್ತವನ್ನು ಕೆಡಿಸಿದೆಯಾ ಅಂತ ತಿಳಿಯಲು ಅದು ಹೆಪ್ಪುಗಟ್ಟಿತಾ ಇಲ್ಲವಾ ಅಂತ ನೀವೇ ಓರೆ ಮಾಡಿ ನೋಡಬೇಕು. ಅದನ್ನು ಯಾವ ಕೋಚಿಂಗ್ ಕ್ಲಾಸಿನಲ್ಲಿ ಕಲಿಸುತ್ತಾರೆ ಹೇಳಿ?

ಈ ಕೆಲಸ ಹಿಡಿಸಿದರೆ ಫ್ಯಾಮಿಲಿ ಮೆಡಿಸಿನ್, ಅಂದರೆ ಮನೆಮಂದಿಯನ್ನೆಲ್ಲ ನೋಡುವ ವೈದ್ಯ ವಿಭಾಗ, ಇದೆ. ಮೂರು ವರ್ಷದ ತಜ್ಞ ಪದವಿ ಡಿಎನ್‌ಬಿ ಮಾಡಬಹುದು, ಅದಕ್ಕೂ ನೀಟ್ ಪಿಜಿಯೇ ದಾರಿ. ವೆಲ್ಲೂರಿನ ಸಿಎಂಸಿ ಮೆಡಿಕಲ್ ಕಾಲೇಜಿನವರ ಎರಡು ವರ್ಷದ ದೂರಶಿಕ್ಷಣ ಡಿಪ್ಲೊಮಾ ಕೆಲಸ ಮಾಡುತ್ತಲೇ ಓದುವಂಥದ್ದು. ಅದು ಎಂಡಿಗೆ ಸಮ ಅಲ್ಲ, ತಿಳಿದಿರಲಿ. ಒಬ್ಬ ರೋಗಿಗಿಂತ ಇಡೀ ಊರಿಗೆ ಜ್ವರ ಯಾಕೆ ಬಂತು ಅನ್ನೋ ಪ್ರಶ್ನೆಯೇ ನಿಮ್ಮನ್ನು ಜಾಸ್ತಿ ಕಾಡುತ್ತಾ? ಹಾಗಿದ್ದರೆ ಸಾರ್ವಜನಿಕ ಆರೋಗ್ಯ ಓದಿ. ಚೆನ್ನೈನಲ್ಲಿ ಐಸಿಎಂಆರ್ ಸಂಸ್ಥೆಯ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಎರಡು ವರ್ಷದ್ದು.

ಯುಪಿಎಸ್‌ಸಿಯ ಸಿಎಂಎಸ್ (ಕೇಂದ್ರ ಸರ್ಕಾರದ ವೈದ್ಯ ಹುದ್ದೆಗಳ) ಪರೀಕ್ಷೆ ಬಹಳ ಜನಕ್ಕೆ ನೆನಪೇ ಇರುವುದಿಲ್ಲ. ಅದರಲ್ಲಿ ಪಾಸಾದರೆ ರೈಲ್ವೆಯಲ್ಲೂ ಡಾಕ್ಟರಾಗಬಹುದು. ನಮ್ಮ ಹುಬ್ಬಳ್ಳಿಯಲ್ಲೇ ರೈಲ್ವೆ ಆಸ್ಪತ್ರೆ ಇದೆಯಲ್ವಾ. ಸಾಮಾನ್ಯ ವಯೋಮಿತಿ 32, ನಿಮಗೆ ಇನ್ನೂ ಕಾಲ ಇದೆ.

ರ‍್ಯಾಂಕಿಗೆ ಪೆಥಾಲಜಿ, ಮೈಕ್ರೋಬಯಾಲಜಿಯಂಥ ಲ್ಯಾಬಿನ ವಿಷಯ ಸಿಗುವ ಹಾಗಿದ್ದರೆ ಮೂಗು ಮುರಿಯಬೇಡಿ. ಹುಬ್ಬಳ್ಳಿಯ ಕಿಮ್ಸ್ ಮೆಡಿಕಲ್ ಕಾಲೇಜು 1957ರದ್ದು. ಈಗ ಗದಗಿನಲ್ಲಿ ಜಿಮ್ಸ್ ಮೆಡಿಕಲ್ ಕಾಲೇಜು ಇದೆ, ಹಾವೇರಿಯಲ್ಲೂ ಕಾಲೇಜು ಶುರುವಾಗಿದೆ. ಅಲ್ಲೆಲ್ಲ ಪಾಠ ಮಾಡುವವರು ಬೇಕು. ಆದರೆ ಮೈಕ್ರೋಸ್ಕೋಪಿನ ಮುಂದೆ ಕೂರುವುದು ಇಷ್ಟ ಇಲ್ಲ ಅಂದರೆ ಬರೀ ಎಂಡಿ ಅನ್ನೋ ಎರಡಕ್ಷರಕ್ಕಾಗಿ ಸೇರಬೇಡಿ.

ಈ ವಾರವೇ ಗದಗಿಗೆ ಹೋಗಿ. ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಗುತ್ತಿಗೆ ವೈದ್ಯರ ಹುದ್ದೆ ಎಲ್ಲಿ ಖಾಲಿ ಇದೆ ಅಂತ ಕೇಳಿ. ಅಂಕಪಟ್ಟಿ, ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ಪತ್ರ, ಎರಡು ಸೆಟ್ ಝೆರಾಕ್ಸ್ ಜೊತೆಗೇ ಒಯ್ಯಿರಿ. ಯಾವ ಊರು ಸಿಕ್ಕಿತು ಅಂತ ನನಗೆ ತಪ್ಪದೆ ಬರೆಯಿರಿ.

ನಿಮ್ಮ,
ಸಂಪಾದಕ