ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕಪ್ಪು ಹೊದಿಕೆಯ ಸಿಗಾರ್

ಪ್ರಶ್ನೆ: ಹೊದಿಕೆ ಕಪ್ಪಗಿರುವ ಮಡುರೊ ಸಿಗಾರ್ ಬಲು ಕಟು ಎನ್ನುತ್ತಾರೆ. ನಿಜವೇ?

ಉತ್ತರ: ಬಣ್ಣಕ್ಕೂ ಕಟುತನಕ್ಕೂ ನೇರ ಸಂಬಂಧವಿಲ್ಲ. ಹೊಗೆಸೊಪ್ಪನ್ನು ರಾಶಿ ಹಾಕಿ ಹೆಚ್ಚು ಬಿಸಿಯಲ್ಲಿ, ಹೆಚ್ಚು ಕಾಲ ಹುದುಗಿ ಕಳಿಯಲು ಬಿಟ್ಟರೆ ಎಲೆ ಕಪ್ಪಾಗುತ್ತದೆ. ಅಷ್ಟು ಬಿಸಿ ತಾಳಲು ದಪ್ಪ ಎಲೆಯೇ ಬೇಕು: ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೋದ ಸ್ಯಾನ್ ಆಂಡ್ರೆಸ್, ಬ್ರೆಜಿಲ್‌ನ ಮಾಟಾ ಫಿನಾ. ಚೆನ್ನಾಗಿ ಕಳಿತ ಎಲೆಯಲ್ಲಿ ಘಾಟು ಇಳಿದು ಸಿಹಿ ಛಾಯೆ ಮೇಲೆ ಬರುತ್ತದೆ. ತಲೆಗೇರುವ ನಿಕೋಟಿನ್ ಬಹುಪಾಲು ಫಿಲ್ಲರ್‌ನದು, ಅಂದರೆ ಒಳಗೆ ತುಂಬಿದ ಎಲೆಯದು, ಅದರಲ್ಲೂ ಗಿಡದ ಮೇಲ್ಭಾಗದ ಲಿಗೇರೊ ಎಲೆಯದು.

ಪ್ರಶ್ನೆ: ರುಚಿ ನೋಡುವ ಕ್ರಮ ಹೇಗೆ?

ಉತ್ತರ: ಮೊದಲ ಪರೀಕ್ಷೆ ಬೆರಳಿನದು. ಒಳ್ಳೆಯ ಮಡುರೊ ತುಸು ತರಿತರಿ, ಎಣ್ಣೆಪಸೆ. ನರ ಎದ್ದು ಕಂಡರೆ ಅದು ದೋಷವಲ್ಲ. ಬಣ್ಣ ಎಲ್ಲೂ ಏರುಪೇರಿಲ್ಲದೆ ಬಳಿದಂತಿದ್ದರೆ ಮಾತ್ರ ಅನುಮಾನಿಸಿ. ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋಗಿ: ಗಂಟು ಸಿಕ್ಕಲ್ಲಿ ಹೊಗೆ ಬಿಗಿಯುತ್ತದೆ, ಟೊಳ್ಳಾದಲ್ಲಿ ಬೆಂಕಿ ಓಡುತ್ತದೆ.

ತಲೆಯ ಕಡೆ, ಅಂದರೆ ಬಾಯಿಗಿಡುವ ತುದಿಯಲ್ಲಿ, ಸುಮಾರು 2 ಮಿ.ಮೀ. ಮಾತ್ರ ಕತ್ತರಿಸಿ. ಆ ತುದಿಗೆ ಅಂಟಿಸಿದ ಎಲೆಯ ಚೂರಾದ ಟೋಪಿಯ ಅಂಚು ದಾಟಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹೊತ್ತಿಸುವ ಮೊದಲು ಬರಿಯ ಗಾಳಿ ಎಳೆದು ನೋಡಿ. ಕೋಕೋ, ಒಣದ್ರಾಕ್ಷಿಯ ಸುಳಿವು ಇಲ್ಲೇ ಸಿಗಬಹುದು. ಅಮೋನಿಯಾ ಮೂಗಿಗೆ ಹೊಡೆದರೆ ಎಲೆ ಇನ್ನೂ ಪಕ್ವವಾಗಿಲ್ಲ. ಅದನ್ನು ಕೆಲವು ತಿಂಗಳು ಎತ್ತಿಡಿ, ಈಗ ತೀರ್ಪು ಕೊಡಬೇಡಿ.

ಜ್ವಾಲೆ ತಾಗಿಸದೆ, ಸಿಗಾರ್ ತಿರುಗಿಸುತ್ತಾ ಅಂಚೆಲ್ಲ ಕೆಂಪಾಗುವವರೆಗೆ ಕಾಯಿಸಿ. ದಪ್ಪ ಎಲೆ, ಅವಸರಕ್ಕೆ ಬಗ್ಗುವುದಿಲ್ಲ. ಆಮೇಲೆ ನಿಮಿಷಕ್ಕೆ ಒಂದೇ ಎಳೆತ. ಹೊಗೆಯನ್ನು ಎರಡು ಮೂರು ಸೆಕೆಂಡು ಬಾಯಲ್ಲೇ ಆಡಿಸಿ, ಸ್ವಲ್ಪವನ್ನು ಮೂಗಿನಿಂದ ಹೊರಬಿಡಿ; ಶ್ವಾಸಕೋಶಕ್ಕೆ ಎಳೆಯಬೇಡಿ. ನಾಲಿಗೆಗೆ ಸಿಗುವುದು ಸಿಹಿ, ಕಹಿ, ಹುಳಿ, ಉಪ್ಪಿನಂಥ ಮೂಲ ರುಚಿಗಳು. ಕಾಫಿ, ಕೋಕೋ, ಮರ ಎಂದು ನಾವು ಹೆಸರಿಸುವುದೆಲ್ಲ ಮೂಗಿನ ಕೆಲಸ. ಮೂಗಿನಿಂದ ಹೊರಬಿಡುವ ಹೆಜ್ಜೆ ಬಿಟ್ಟರೆ ಮಡುರೊ ಬರೀ ‘ಸಿಹಿ’ ಎನಿಸಿ ಮುಗಿದುಹೋಗುತ್ತದೆ. ಮೊದಲ ಒಂದು ಸೆಂ.ಮೀ. ಲೆಕ್ಕಕ್ಕಿಲ್ಲ. ಉಳಿದದ್ದನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿಗೂ ರುಚಿ, ಎಳೆತ, ಉರಿಯುವ ರೀತಿ ಬರೆದಿಡಿ. ನಡುವೆ ಬರಿಯ ನೀರು ಸಾಕು. ಕಾಫಿ ಕುಡಿದರೆ ಸಿಗಾರ್‌ನ ಕಾಫಿ ರುಚಿ ಯಾವುದೆಂದು ತಿಳಿಯದು.

ಪ್ರಶ್ನೆ: ಅರ್ಧಕ್ಕೆ ಬರುವಷ್ಟರಲ್ಲಿ ಕಹಿ, ಜೊತೆಗೆ ಒಂದೇ ಪಕ್ಕ ಉರಿಯುತ್ತದೆ. ಏಕೆ?

ಉತ್ತರ: ಬಹುಶಃ ತೇವ ಜಾಸ್ತಿ. ಎಣ್ಣೆಪಸೆಯ ದಪ್ಪ ಹೊದಿಕೆ ನಿಧಾನ ಉರಿಯುತ್ತದೆ. ಒಳಗಿನ ಎಲೆ ಮುಂದೆ ಓಡಿ ಸುರಂಗವಾಗುತ್ತದೆ. ಆರಿಹೋಗದಿರಲೆಂದು ನೀವು ಬೇಗಬೇಗ ಎಳೆಯುತ್ತೀರಿ, ಹೊಗೆ ಕಾದು ಕಹಿಯಾಗುತ್ತದೆ. ಸಿಗಾರ್ ಇಡುವ ಪೆಟ್ಟಿಗೆಯ ಆರ್ದ್ರತೆಯನ್ನು 70ರಿಂದ 65 ಶೇಕಡಾಕ್ಕೆ ಇಳಿಸಿ, ಒಂದೆರಡು ವಾರ ಬಿಡಿ. ಈಗ ಕೈಯಲ್ಲಿರುವುದಕ್ಕಾದರೆ ಹಿಂದುಳಿದ ಪಕ್ಕಕ್ಕೆ ಮಾತ್ರ ಬೆಂಕಿ ತೋರಿಸಿ, ಒಮ್ಮೆ ಮೆಲ್ಲಗೆ ಹೊರಕ್ಕೆ ಊದಿ ಹಳಸಿದ ಹೊಗೆ ಕಳೆಯಿರಿ.

ಪ್ರಶ್ನೆ: ಹೊಗೆ ನುಂಗದಿದ್ದರೆ ಅಪಾಯವಿಲ್ಲ ಅಲ್ಲವೇ?

ಉತ್ತರ: ಇದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಬಾಯಲ್ಲಾಡಿಸಿದ ಹೊಗೆಯೂ ಕಾರಣ. ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದವರಿಗೆ ಬೆವರು, ತಲೆಸುತ್ತು, ವಾಕರಿಕೆ ಬರುವುದು ಇದರಿಂದಲೇ. ಹಾಗಾದರೆ ಸಿಗಾರ್ ಕೆಳಗಿಟ್ಟು, ಹೊರಗಿನ ಗಾಳಿಗೆ ಹೋಗಿ ಕೂತುಕೊಳ್ಳಿ.